ರೆಸ್ಟ್ ಇರಲಿ, ಸೋಪ್ ಇರಲಿ, ಕರಾರು ಗಟ್ಟಿಯಿರಲಿ

ವೆಬ್ ಸರ್ವಿಸ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಎಲ್ಲದರ ಹಿಂದಿರುವುದೂ ಒಂದೇ ಪ್ರಶ್ನೆ: ರೆಸ್ಟ್ ತೆಗೆದುಕೊಳ್ಳಬೇಕೋ, ಸೋಪ್ ತೆಗೆದುಕೊಳ್ಳಬೇಕೋ? ಕೆಲಸ ಬೇರೆಯಾದಂತೆ ಉತ್ತರವೂ ಬೇರೆಯಾಗುತ್ತದೆ. ಹಾಗಾಗಿ ಒಬ್ಬೊಬ್ಬರಿಗೂ ಅವರವರ ಕೆಲಸ ನೋಡಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದೇನೆ. ಕ್ಯಾಂಪಸ್ ಸಂದರ್ಶನದಲ್ಲಿ ರೆಸ್ಟ್‌ಗೂ ಸೋಪ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ‘ಸೋಪ್ ಹಳೆಯದು, ಎಕ್ಸ್‌ಎಂಎಲ್ ಬಳಸುತ್ತದೆ, ರೆಸ್ಟ್ ಹೊಸದು, ಜೆಸನ್ ಬಳಸುತ್ತದೆ’ ಎಂದೆ. ಅವರು ಏನೂ ಹೇಳದೆ ಮುಂದಿನ ಪ್ರಶ್ನೆಗೆ ಹೋದರು. ನನ್ನ ಉತ್ತರ ಸರಿಯಿತ್ತೇ ಮೇಡಂ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪೂರ್ತಿ ಸರಿಯಿಲ್ಲ. ವಯಸ್ಸಿನಲ್ಲಿ ಇವೆರಡೂ ಹೆಚ್ಚುಕಡಿಮೆ ಓರಗೆಯವು. ಡೇವ್ ವೈನರ್, ಡಾನ್ ಬಾಕ್ಸ್ ಮೊದಲಾದವರು ಮೈಕ್ರೋಸಾಫ್ಟ್‌ಗಾಗಿ 1998ರಲ್ಲಿ ಸೋಪ್ ರೂಪಿಸಿದರು. ಅದರ 1.1 ಆವೃತ್ತಿ 2000ದಲ್ಲಿ ಪ್ರಕಟವಾಯಿತು, 1.2 ಆವೃತ್ತಿ 2003ರಲ್ಲಿ ಡಬ್ಲ್ಯು3ಸಿ ಮಾನ್ಯತೆ ಪಡೆಯಿತು. ಎಚ್‌ಟಿಟಿಪಿ ನಿಯಮಾವಳಿ ಬರೆದವರಲ್ಲಿ ಒಬ್ಬರಾದ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಅನ್ನು ವಿವರಿಸಿದ್ದೂ 2000ದಲ್ಲೇ.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಸೋಪ್ ಒಂದು ಪ್ರೋಟೊಕಾಲ್. ಸಂದೇಶದ ಹೊರಗೆ ಎನ್ವಲಪ್, ಒಳಗೆ ಹೆಡರ್ ಮತ್ತು ಬಾಡಿ, ತಪ್ಪಾದರೆ ಫಾಲ್ಟ್, ಹೀಗೆ ಎಲ್ಲವೂ ನಿಗದಿಯಾಗಿದೆ. ರೆಸ್ಟ್ ಪ್ರೋಟೊಕಾಲ್ ಅಲ್ಲ, ವಿನ್ಯಾಸದ ಕಟ್ಟುಪಾಡುಗಳ ಗುಂಪು. ಜೆಸನ್ನೇ ಬಳಸಬೇಕೆಂದು ಅದು ಎಲ್ಲೂ ಹೇಳುವುದಿಲ್ಲ.

ಒಂದು ಗ್ರಂಥಾಲಯದ ಸೇವೆಯನ್ನೇ ತೆಗೆದುಕೊಳ್ಳಿ. ರೆಸ್ಟ್‌ನಲ್ಲಿ 4521ನೇ ಪುಸ್ತಕಕ್ಕೆ ಅದರದೇ ವಿಳಾಸ ಇರುತ್ತದೆ. ಆ ವಿಳಾಸಕ್ಕೆ ಗೆಟ್ ಕಳಿಸಿದರೆ ಪುಸ್ತಕದ ವಿವರ ಬರುತ್ತದೆ, ಪುಸ್ತಕ ಇಲ್ಲದಿದ್ದರೆ 404 ಬರುತ್ತದೆ. ಗೆಟ್ ಎಂದರೆ ಬರೀ ಓದುವುದು ಎಂದು ದಾರಿಯಲ್ಲಿರುವ ಪ್ರಾಕ್ಸಿ, ಕ್ಯಾಶ್‌ಗಳಿಗೂ ಗೊತ್ತು. ಆದ್ದರಿಂದ ಅವು ಉತ್ತರವನ್ನು ಇಟ್ಟುಕೊಂಡು ಮತ್ತೆ ಕೊಡಬಲ್ಲವು. ಸೋಪ್‌ನಲ್ಲಿ ಸಾಮಾನ್ಯವಾಗಿ ಓದುವುದಕ್ಕೂ ಅಳಿಸುವುದಕ್ಕೂ ಒಂದೇ ವಿಳಾಸಕ್ಕೆ ಪೋಸ್ಟ್ ಹೋಗುತ್ತದೆ, ಏನು ಮಾಡಬೇಕೆಂಬುದು ಬಾಡಿಯ ಒಳಗಿರುತ್ತದೆ. 1.1 ಆವೃತ್ತಿಯಲ್ಲಿ ಪುಸ್ತಕ ಇಲ್ಲವೆಂಬ ಫಾಲ್ಟ್ ಕೂಡ 500 ಹೊತ್ತುಕೊಂಡೇ ಬರುತ್ತದೆ. ಎಚ್‌ಟಿಟಿಪಿಯ ಕ್ರಿಯೆಗಳಿಗೂ ಸಂಕೇತಗಳಿಗೂ ಇರುವ ಅರ್ಥವನ್ನು ರೆಸ್ಟ್ ದುಡಿಸಿಕೊಳ್ಳುತ್ತದೆ, ಸೋಪ್ ಅದನ್ನು ಬರೀ ಸಾಗಣೆಗೆ ಬಳಸುತ್ತದೆ. ಮುಂದಿನ ಸಂದರ್ಶನದಲ್ಲಿ ಇಲ್ಲಿಂದ ಶುರು ಮಾಡಿ.

ಪ್ರಶ್ನೆ: ನಮ್ಮ ತಂಡ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಮೊಬೈಲ್ ಆ್ಯಪ್ ಮಾಡುತ್ತಿದೆ. ಬೆಳಿಗ್ಗೆ, ಸಂಜೆ ಹಾಲು ಅಳೆದ ಮೇಲೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ವಿವರ ಸರ್ವರ್ ಸೇರಬೇಕು. ಹಳ್ಳಿಗಳಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ. ಸೋಪ್‌ನಲ್ಲಿ ರಿಲಯಬಲ್ ಮೆಸೇಜಿಂಗ್ ಇದೆ, ಅದನ್ನೇ ತಗೊಳ್ಳಿ ಎಂದು ಹಿರಿಯರೊಬ್ಬರು ಹೇಳುತ್ತಿದ್ದಾರೆ. ಏನು ಮಾಡೋಣ?
— ಸಾಫ್ಟ್‌ವೇರ್ ಡೆವಲಪರ್, ಹಾಸನ

ಉತ್ತರ: ರೆಸ್ಟ್ ತೆಗೆದುಕೊಳ್ಳಿ. ಆ ಹಿರಿಯರು ಹೇಳಿದ ಡಬ್ಲ್ಯುಎಸ್-ರಿಲಯಬಲ್ ಮೆಸೇಜಿಂಗ್ ಇರುವುದು ನಿಜ. ಆದರೆ ಎರಡೂ ತುದಿಯಲ್ಲಿ ಅದನ್ನು ಬಲ್ಲ ಲೈಬ್ರರಿ ಬೇಕು, ಆಂಡ್ರಾಯ್ಡ್‌ನಲ್ಲಿ ಸೋಪ್ ಕ್ಲೈಂಟ್ ಕೂಡ ಅಂತರ್ಗತವಾಗಿ ಬರುವುದಿಲ್ಲ. ಇನ್ನೊಂದು ಮಾತು: ಸಂದೇಶ ತಲುಪಿತೆಂದು ಆ ಪದರ ಭರವಸೆ ಕೊಡಬಹುದು, ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅದು ಒಂದೇ ಸಲ ದಾಖಲಾಯಿತೆಂದು ನೋಡಿಕೊಳ್ಳುವ ಹೊಣೆ ನಿಮ್ಮದೇ.

ನಿಮ್ಮ ನಿಜವಾದ ಕಷ್ಟ ಏನೆಂದು ನೋಡೋಣ. ಕಾರ್ಯದರ್ಶಿ 8.5 ಲೀಟರ್ ನಮೂದಿಸಿ ಬಟನ್ ಒತ್ತುತ್ತಾರೆ. ಮನವಿ ಸರ್ವರ್‌ಗೆ ಮುಟ್ಟಿ ದಾಖಲಾಗುತ್ತದೆ. ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಫೋನಿನಲ್ಲಿ ‘ವಿಫಲವಾಗಿದೆ’ ಎಂದು ಕಾಣುತ್ತದೆ, ಅವರು ಮತ್ತೆ ಒತ್ತುತ್ತಾರೆ. ಆ ರೈತನ ಖಾತೆಗೆ 17 ಲೀಟರ್ ಬೀಳುತ್ತದೆ. ಬಟವಾಡೆಯ ದಿನ ಇದರಿಂದ ಜಗಳವಾಗುತ್ತದೆ, ಸಂಘದ ಮೇಲಿನ ನಂಬಿಕೆಯೇ ಹೋಗುತ್ತದೆ.

ಪರಿಹಾರ ಹೀಗಿದೆ. ನಮೂದಿಸಿದ ತಕ್ಷಣ ಫೋನಿನಲ್ಲೇ ಆ ದಾಖಲೆಗೊಂದು ಯುಯುಐಡಿ ಹುಟ್ಟಿಸಿ, ಸ್ಥಳೀಯ ಡೇಟಾಬೇಸ್‌ನಲ್ಲಿ ಉಳಿಸಿ. ಆಮೇಲೆ ಆ ಐಡಿಯೇ ಇರುವ ವಿಳಾಸಕ್ಕೆ ಪುಟ್ ಕಳಿಸಿ. ಪುಟ್ ಅನ್ನು ಎಷ್ಟು ಸಲ ಕಳಿಸಿದರೂ ಫಲ ಒಂದೇ ಆಗಿರಬೇಕೆಂಬುದು ಎಚ್‌ಟಿಟಿಪಿಯ ನಿಯಮ. ಸರ್ವರ್ ಡೇಟಾಬೇಸ್‌ನಲ್ಲಿ ಆ ಐಡಿಗೆ ಯುನೀಕ್ ನಿರ್ಬಂಧ ಹಾಕಿ. ಅದೇ ಐಡಿ, ಅದೇ ವಿವರ ಮತ್ತೆ ಬಂದರೆ ಯಶಸ್ಸೆಂದೇ ಉತ್ತರಿಸಿ. ಅದೇ ಐಡಿಯಲ್ಲಿ ಬೇರೆ ಲೀಟರ್ ಬಂದರೆ 409 ಕೊಟ್ಟು ತಡೆಯಿರಿ. ತಿದ್ದುಪಡಿಗೆ ಬೇರೆಯದೇ ದಾಖಲೆ ಇರಲಿ.

ಮರುಪ್ರಯತ್ನದ ನಡುವಿನ ಕಾಯುವಿಕೆ 1, 2, 4, 8 ಸೆಕೆಂಡ್ ಎಂದು ಏರುತ್ತಾ ಹೋಗಲಿ, ಅದರ ಮೇಲೆ ಒಂದಿಷ್ಟು ಯಾದೃಚ್ಛಿಕ ಅಂತರ ಸೇರಿಸಿ. ಇಲ್ಲದಿದ್ದರೆ ಟವರ್ ಮರಳಿದ ಗಳಿಗೆಯಲ್ಲಿ ಆ ಭಾಗದ ಸಂಘಗಳೆಲ್ಲ ಒಟ್ಟಿಗೇ ಸರ್ವರ್ ಮೇಲೆ ಮುಗಿಬೀಳುತ್ತವೆ. ದರಪಟ್ಟಿಯನ್ನು ಗೆಟ್ ಮತ್ತು ಈಟ್ಯಾಗ್ ಮೂಲಕ ಕೊಡಿ. ದರ ಬದಲಾಗದಿದ್ದರೆ ಬರೀ 304 ಬರುತ್ತದೆ, ಡೇಟಾ ಉಳಿಯುತ್ತದೆ.

ಪ್ರಶ್ನೆ: ವಿಮಾ ಕ್ಷೇತ್ರದ ನಮ್ಮ ಕಂಪನಿ ಪಾಲುದಾರ ಸಂಸ್ಥೆಯೊಂದರ ಜತೆ ಸೋಪ್ ಮತ್ತು ಡಬ್ಲ್ಯುಎಸ್-ಸೆಕ್ಯುರಿಟಿ ಮೂಲಕ ಕ್ಲೇಮ್ ವಿವರ ವಿನಿಮಯ ಮಾಡುತ್ತದೆ. ಹೊಸ ಮ್ಯಾನೇಜರ್ ಎಲ್ಲವನ್ನೂ ರೆಸ್ಟ್‌ಗೆ ಬದಲಿಸಿ ಎನ್ನುತ್ತಿದ್ದಾರೆ. ಎಚ್‌ಟಿಟಿಪಿಎಸ್ ಇದ್ದರೆ ಸಾಲದೇ ಎಂಬುದು ಅವರ ವಾದ.
— ಟೀಮ್ ಲೀಡ್, ಬೆಂಗಳೂರು

ಉತ್ತರ: ನಡೆಯುತ್ತಿರುವ ಸೇವೆಯನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕೀಳಬೇಡಿ. ಮ್ಯಾನೇಜರ್ ಅವರ ವಾದಕ್ಕೆ ಉತ್ತರ ಇದು: ಎಚ್‌ಟಿಟಿಪಿಎಸ್ ಎಂದರೆ ಕಾವಲಿರುವ ವಾಹನ, ಡಬ್ಲ್ಯುಎಸ್-ಸೆಕ್ಯುರಿಟಿ ಎಂದರೆ ಅರಗಿನ ಮುದ್ರೆ ಒತ್ತಿದ ಲಕೋಟೆ. ವಾಹನದ ಕಾವಲು ಗೇಟ್‌ವೇ ಅಥವಾ ಲೋಡ್ ಬ್ಯಾಲೆನ್ಸರ್ ಬಳಿ ಮುಗಿಯುತ್ತದೆ. ಸಂದೇಶದ ಮೇಲಿನ ಸಹಿ ಮಾತ್ರ ಅದರ ಜತೆಗೇ ಒಳಗಿನವರೆಗೂ ಬರುತ್ತದೆ. ವರ್ಷಗಳ ನಂತರ ಕ್ಲೇಮ್ ವಿವಾದವಾದರೆ ‘ನೀವು ಕಳಿಸಿದ್ದು ಇದೇ’ ಎಂದು ತೋರಿಸಲು ಆ ಸಹಿಯೇ ಆಧಾರ.

ಹಾಗೆಂದು ಸಹಿ ಬೇಕಾದಲ್ಲೆಲ್ಲ ಸೋಪ್ ಬೇಕೆಂದಲ್ಲ. ನಮ್ಮ ಜಿಎಸ್‌ಟಿ ಇ-ಇನ್‌ವಾಯ್ಸ್ ವ್ಯವಸ್ಥೆ ಜೆಸನ್ ಪಡೆದು, ಸಹಿ ಮಾಡಿದ ಇನ್‌ವಾಯ್ಸ್ ಮತ್ತು ಕ್ಯೂಆರ್ ಕೋಡ್ ವಾಪಸ್ ಕೊಡುತ್ತದೆ. ಯುಪಿಐ ಸಂದೇಶಗಳು ಡಿಜಿಟಲ್ ಸಹಿಯಿರುವ ಎಕ್ಸ್‌ಎಂಎಲ್, ಆದರೆ ಸೋಪ್ ಲಕೋಟೆಯಲ್ಲಿಲ್ಲ. ಹೊಸದಾಗಿ ಕಟ್ಟುವುದಾದರೆ ಜೆಸನ್ ಮೇಲೆ ಜೆಡಬ್ಲ್ಯುಎಸ್ ಸಹಿ, ಸಂಪರ್ಕಕ್ಕೆ ಮ್ಯೂಚುವಲ್ ಟಿಎಲ್‌ಎಸ್ ಇಟ್ಟರೆ ಸಾಕು.

ಸದ್ಯಕ್ಕೆ ಪಾಲುದಾರರ ಸೋಪ್ ಅನ್ನು ಒಂದೇ ಅಡಾಪ್ಟರ್ ಮಾಡ್ಯೂಲ್‌ನಲ್ಲಿ ಕಟ್ಟಿಹಾಕಿ. ನಿಮ್ಮ ಒಳಗಿನ ಸೇವೆಗಳು ಆ ಅಡಾಪ್ಟರ್ ಜತೆ ರೆಸ್ಟ್‌ನಲ್ಲೇ ಮಾತಾಡಲಿ. ಒಂದು ಎಚ್ಚರಿಕೆ: ಬಂದ ಸಂದೇಶವನ್ನು ಬಂದ ಬೈಟ್‌ಗಳ ರೂಪದಲ್ಲೇ ಉಳಿಸಿಡಿ. ಓದಲು ಚೆಂದವಾಗಲೆಂದು ಲಾಗ್‌ನಲ್ಲಿ ಸಾಲು, ಅಂತರ ಹೊಂದಿಸಿ ಉಳಿಸಿದರೆ, ಆ ಖಾಲಿ ಜಾಗಗಳಿಂದಲೇ ಸಹಿ ತಾಳೆಯಾಗುವುದಿಲ್ಲ. ಸಾಕ್ಷಿ ಕೈಯಲ್ಲಿದ್ದೂ ಕೆಲಸಕ್ಕೆ ಬಾರದಂತಾಗುತ್ತದೆ.

ಪ್ರಶ್ನೆ: ನಾನು ಜರ್ಮನಿಯಲ್ಲಿ ಸಣ್ಣ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಗ್ರಾಹಕರ ವ್ಯಾಟ್ ಸಂಖ್ಯೆ ಪರಿಶೀಲಿಸಲು ಯುರೋಪಿಯನ್ ಕಮಿಷನ್‌ನ ವೀಸ್ (ವ್ಯಾಟ್ ಮಾಹಿತಿ ವಿನಿಮಯ) ಸೇವೆಯ ಸೋಪ್ ಇಂಟರ್‌ಫೇಸ್ ಬಳಸಬೇಕಾಗಿದೆ. ನನಗೆ ರೆಸ್ಟ್ ಮಾತ್ರ ಗೊತ್ತು. ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಅನ್ನು ಕೈಯಾರೆ ಜೋಡಿಸಿ ಕಳಿಸಿದರೆ ನಡೆಯುತ್ತದೆಯೇ?
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ನಡೆಯುತ್ತದೆ, ಆದರೆ ನೇಮ್‌ಸ್ಪೇಸ್‌ನಲ್ಲಿ ಒಂದಕ್ಷರ ತಪ್ಪಿದರೂ ಗಂಟೆಗಟ್ಟಲೆ ಹುಡುಕಬೇಕಾಗುತ್ತದೆ. ಸೋಪ್‌ನ ದೊಡ್ಡ ಅನುಕೂಲವೇ ಅದರ ಡಬ್ಲ್ಯುಎಸ್‌ಡಿಎಲ್ ಕಡತ. ಯಾವ ಕ್ರಿಯೆಗಳಿವೆ, ಯಾವ ಫೀಲ್ಡ್ ಯಾವ ಬಗೆಯದು ಎಂಬುದನ್ನೆಲ್ಲ ಯಂತ್ರ ಓದುವಂತೆ ಅದರಲ್ಲಿ ಬರೆದಿರುತ್ತದೆ. ಪೈಥಾನ್‌ನ ಜೀಪ್ ಲೈಬ್ರರಿಗೆ ಆ ಕಡತದ ವಿಳಾಸ ಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಮೊದಲು ಸೋಪ್‌ಯುಐನಲ್ಲಿ ಒಂದು ಮನವಿ ಕಳಿಸಿ ಕಣ್ಣಾರೆ ನೋಡಿ, ಆಮೇಲೆ ಕೋಡ್ ಬರೆಯಿರಿ.

ಇದಕ್ಕಿಂತ ಮುಖ್ಯವಾದದ್ದು ಫಾಲ್ಟ್. ವೀಸ್ ತನ್ನ ಬಳಿ ಸಂಖ್ಯೆಗಳನ್ನು ಇಟ್ಟುಕೊಂಡಿಲ್ಲ, ಆಯಾ ಸದಸ್ಯ ದೇಶದ ಡೇಟಾಬೇಸ್‌ಗೆ ಕೇಳಿ ಹೇಳುತ್ತದೆ. ಆ ದೇಶದ ವ್ಯವಸ್ಥೆ ನಿಂತಿದ್ದರೆ ‘ಎಂಎಸ್ ಅನ್‌ಅವೈಲಬಲ್’ ಎಂಬ ಫಾಲ್ಟ್ ಬರುತ್ತದೆ. ಸಂಖ್ಯೆ ಸರಿಯೋ ತಪ್ಪೋ ಈಗ ತಿಳಿಯದು ಎಂಬುದಷ್ಟೇ ಅದರ ಅರ್ಥ. ಎಲ್ಲ ಎಕ್ಸೆಪ್ಷನ್‌ಗಳನ್ನೂ ಒಟ್ಟಿಗೆ ಹಿಡಿದು ‘ಸಂಖ್ಯೆ ಅಸಿಂಧು’ ಎಂದು ತೋರಿಸಿದರೆ ಪ್ರಾಮಾಣಿಕ ಗ್ರಾಹಕನನ್ನು ನೀವೇ ತಿರುಗಿಸಿ ಕಳಿಸಿದಂತಾಗುತ್ತದೆ. ‘ಸಿಂಧು’, ‘ಅಸಿಂಧು’, ‘ಇನ್ನೂ ತಿಳಿದಿಲ್ಲ’ ಎಂಬ ಮೂರು ಸ್ಥಿತಿಗಳನ್ನು ಇಟ್ಟುಕೊಳ್ಳಿ, ಮೂರನೆಯದನ್ನು ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿ.

ಪ್ರಶ್ನೆ: ನಾವು ರೆಸ್ಟ್ ಆರಿಸಿಕೊಂಡು ವರ್ಷಗಳಾದವು. ಆದರೆ ಬ್ಯಾಕೆಂಡ್‌ನವರು ಒಂದು ಫೀಲ್ಡ್ ಹೆಸರು ಬದಲಿಸಿದರೆ ಆ್ಯಪ್ ಕೆಟ್ಟುಹೋಗುತ್ತದೆ. ಖಾತೆ ಸಂಖ್ಯೆಯ ಕೊನೆಯ ಅಂಕಿ ಕೆಲವೊಮ್ಮೆ ಬದಲಾಗಿ ಕಾಣುತ್ತದೆ. ಸೋಪ್ ಇದ್ದಿದ್ದರೆ ಹೀಗಾಗುತ್ತಿತ್ತೇ?
— ಫ್ರಂಟೆಂಡ್ ಡೆವಲಪರ್, ಮೈಸೂರು

ಉತ್ತರ: ಹೀಗಾಗುವ ಸಾಧ್ಯತೆ ಕಡಿಮೆಯಿತ್ತು, ಯಾಕೆಂದರೆ ಸೋಪ್ ಜತೆ ಸಾಮಾನ್ಯವಾಗಿ ಲಿಖಿತ ಕರಾರು ಬಂದೇ ಬರುತ್ತದೆ. ರೆಸ್ಟ್‌ನಲ್ಲಿ ಅದನ್ನು ಬರೆಯುವ ಶಿಸ್ತು ನಿಮ್ಮದಾಗಬೇಕು. ಅದಕ್ಕೆ ಓಪನ್‌ಎಪಿಐ ಇದೆ. ಸ್ವ್ಯಾಗರ್ ಹೆಸರಿನಲ್ಲಿ ಶುರುವಾದ ಈ ನಿರ್ದಿಷ್ಟತೆ 2015ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಬಂತು, 3.0 ಆವೃತ್ತಿ 2017ರಲ್ಲಿ, 3.1 ಆವೃತ್ತಿ 2021ರಲ್ಲಿ ಹೊರಬಂದವು. ಆ ಕಡತವನ್ನು ಕೋಡ್ ಜತೆಗೇ ಗಿಟ್‌ನಲ್ಲಿಡಿ. ಫೀಲ್ಡ್ ತೆಗೆದರೆ, ಹೆಸರು ಬದಲಿಸಿದರೆ ಬಿಲ್ಡ್ ಅಲ್ಲೇ ನಿಲ್ಲುವಂತೆ ತಪಾಸಣೆ ಹಾಕಿ. ಐಚ್ಛಿಕ ಫೀಲ್ಡ್ ಸೇರಿಸುವುದಕ್ಕೆ ಅಡ್ಡಿಯಿಲ್ಲ, ಇದ್ದದ್ದನ್ನು ತೆಗೆಯಬೇಕಾದರೆ ಹೊಸ ಆವೃತ್ತಿ ಬೇಕು.

ಖಾತೆ ಸಂಖ್ಯೆಯ ಕಾರಣ ಬಹುಮಟ್ಟಿಗೆ ಇದು: ಜಾವಾಸ್ಕ್ರಿಪ್ಟ್ 2ರ 53ನೇ ಘಾತದ ತನಕ, ಅಂದರೆ 9007199254740992ರವರೆಗೆ ಮಾತ್ರ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುತ್ತದೆ. ಕೊನೆಯಲ್ಲಿ 3 ಇರುವ ಮುಂದಿನ ಸಂಖ್ಯೆಯನ್ನು ಕೊಟ್ಟು ನೋಡಿ, 2 ಎಂದೇ ತೋರಿಸುತ್ತದೆ. ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ; ಅದನ್ನು ಸ್ಟ್ರಿಂಗ್ ಆಗಿಯೇ ಕಳಿಸಿ. ಮೊದಲಲ್ಲಿರುವ ಸೊನ್ನೆಗಳೂ ಉಳಿಯುತ್ತವೆ. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡಿ. ಸಮಯದ ಜತೆ +05:30 ಕಡ್ಡಾಯವಾಗಿ ಬರೆಯಿರಿ. ಏಪ್ರಿಲ್ 1ರಂದು ಮಧ್ಯರಾತ್ರಿ ಕಳೆದು ಹದಿನೈದು ನಿಮಿಷಕ್ಕೆ ಆದ ವ್ಯವಹಾರ ಯುಟಿಸಿಯಲ್ಲಿ ಮಾರ್ಚ್ 31ರ 18:45. ವಲಯ ಬಿಟ್ಟರೆ ಅದು ಹಿಂದಿನ ಹಣಕಾಸು ವರ್ಷದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗ್ರಾಫ್‌ಕ್ಯೂಎಲ್, ಜಿಆರ್‌ಪಿಸಿ ಬಂದಿರುವ ಈ ಕಾಲದಲ್ಲೂ ಸೋಪ್ ಕಲಿಸಬೇಕೇ?
— ಉಪನ್ಯಾಸಕರು, ಉಡುಪಿ

ಉತ್ತರ: ಕಲಿಸಲೇಬೇಕು ಸರ್. ನಿಮ್ಮ ವಿದ್ಯಾರ್ಥಿಗಳು ಮುಂದೆ ಬ್ಯಾಂಕ್, ವಿಮೆಯ ಹಳೆಯ ವ್ಯವಸ್ಥೆಗಳ ಜತೆ, ಡಬ್ಲ್ಯುಎಸ್‌ಡಿಎಲ್ ಕೊಡುವ ಸೇಲ್ಸ್‌ಫೋರ್ಸ್‌ನಂಥ ವೇದಿಕೆಗಳ ಜತೆ ಕೆಲಸ ಮಾಡುವವರು. ನೀವು ಹೇಳಿದ ಎರಡೂ 2015ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು, ಅವಕ್ಕೂ ತಮ್ಮದೇ ಜಾಗವಿದೆ. ಆದರೆ ಹೆಸರುಗಳ ಪಟ್ಟಿ ಉರು ಹೊಡೆದರೆ ಆರಿಸುವ ಶಕ್ತಿ ಬರುವುದಿಲ್ಲ.

ಲ್ಯಾಬ್‌ನಲ್ಲಿ ಒಂದೇ ಸಣ್ಣ ಸೇವೆಯನ್ನು ರೆಸ್ಟ್, ಸೋಪ್ ಎರಡೂ ಬಗೆಯಲ್ಲಿ, ಮೊದಲಿಗೆ ಯುಯುಐಡಿಯಂಥ ರಕ್ಷಣೆಯಿಲ್ಲದೆ ಕಟ್ಟಿಸಿ. ಸರ್ವರ್ ದಾಖಲಿಸಿದ ಮೇಲೆ, ಉತ್ತರ ಹೋಗುವ ಮುನ್ನ ಸಂಪರ್ಕ ಕಡಿದುಹೋಗುವಂತೆ ಮಾಡಿ, ಮತ್ತೆ ಕಳಿಸಲು ಹೇಳಿ. ಎರಡರಲ್ಲೂ ಎರಡೆರಡು ದಾಖಲೆ ಕಂಡಾಗ ತಂತ್ರಜ್ಞಾನ ಬದಲಿಸಿದ ಮಾತ್ರಕ್ಕೆ ಈ ತೊಂದರೆ ಹೋಗುವುದಿಲ್ಲವೆಂದು ಅವರಿಗೇ ತಿಳಿಯುತ್ತದೆ.

ಪರೀಕ್ಷೆಯಲ್ಲಿ ‘ರೆಸ್ಟ್ ಮತ್ತು ಸೋಪ್ ನಡುವಿನ ಐದು ವ್ಯತ್ಯಾಸ ಬರೆಯಿರಿ’ ಎಂದು ಕೇಳಬೇಡಿ. ನಿರ್ದಿಷ್ಟ ಕೆಲಸವೊಂದನ್ನು ಕೊಟ್ಟು ಮೂರು ಪ್ರಶ್ನೆ ಕೇಳಿ. ಎದುರಿಗಿರುವವರು ಯಾರು, ಅವರ ಬಳಿ ಈಗಾಗಲೇ ಏನಿದೆ? ಸಂದೇಶ ತಲುಪಿದ ಮೇಲೆ ಮುಂದೊಂದು ದಿನ ಏನನ್ನು ರುಜುವಾತು ಮಾಡಬೇಕಾಗಬಹುದು? ಉತ್ತರ ಬಾರದಿದ್ದರೆ ಕೇಳಿದವರು ಏನು ಮಾಡಬೇಕು? ಈ ಮೂರಕ್ಕೂ ಕಾರಣಸಹಿತ ಉತ್ತರ ಬರೆದವರು ರೆಸ್ಟ್ ಆರಿಸಿದ್ದರೂ ಸೋಪ್ ಆರಿಸಿದ್ದರೂ ಪೂರ್ತಿ ಅಂಕ ಕೊಡಿ. ಕೆಲಸಕ್ಕೆ ಸೇರಿದ ಮೇಲೆ ಅವರನ್ನು ಕಾಯುವುದೂ ಈ ತಿಳಿವಳಿಕೆಯೇ.