ಮನೆಯ ಮಾತು, ಮನದ ತೂಬು

ಗೃಹಸ್ಥನಿಗೆ ಒದಗುವ ಕಷ್ಟಗಳು ಎರಡು ಬಗೆಯವು. ಮಳೆ ಬಾರದಿರುವುದು, ಬೆಳೆ ಹೋಗುವುದು, ಸಾಲ ಬೆಳೆಯುವುದು ಹೊರಗಿನ ಕಷ್ಟ. ಅವುಗಳಿಂದ ಹುಟ್ಟಿ ಮನೆಯವರ ಮೇಲೆ ಬೀಳುವ ಕೋಪ, ಮುನಿಸು, ಸಂಶಯಗಳು ಒಳಗಿನ ಕಷ್ಟ. ಮೊದಲನೆಯದನ್ನು ತಡೆಯುವುದು ಮನುಷ್ಯನ ಕೈಯಲ್ಲಿ ಪೂರ್ಣವಾಗಿ ಇಲ್ಲ. ಎರಡನೆಯದು ಬಹುಮಟ್ಟಿಗೆ ಅವನ ಸ್ವಾಧೀನದಲ್ಲಿಯೇ ಇರುವುದು.

ಚಿತ್ರದುರ್ಗದ ಸೀಮೆಯ ಭಕ್ತರು ಇದನ್ನು ಅನುಭವದಿಂದ ಬಲ್ಲರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಸದುರ್ಗ, ಹಿರಿಯೂರುಗಳ ತೆಂಗಿನ ತೋಟಗಳೂ ಹೊಳಲ್ಕೆರೆಯ ಅಡಿಕೆ ತೋಟಗಳೂ ಒಣಗಿದುದುಂಟು. ಕೊಳವೆಬಾವಿ ಬತ್ತಿದ ದಿನ ಯಜಮಾನನು ಆ ಸಂಗತಿಯನ್ನು ಮನೆಯಲ್ಲಿ ಹೇಳುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ತಳ್ಳುತ್ತಾನೆ. ಹೆಂಡತಿ ಮಗನನ್ನು ಗದರುತ್ತಾಳೆ. ಮಗನು ಉಣ್ಣದೆ ಹೊರಗೆ ಹೋಗುತ್ತಾನೆ. ಬತ್ತಿದ ಬಾವಿಯ ಮಾತನ್ನು ಯಾರೂ ಆಡಲಿಲ್ಲ. ಮೂವರೂ ಅದರಿಂದ ನೊಂದರು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆ ಇಲ್ಲಿ ಮನನೀಯವಾದುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಚ್ಚಿನದು ಆಸೆಯ ಗುರುತೆಂದು ಲಕ್ಕಮ್ಮ ಕಂಡಳು. ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆತನು ಮರುಮಾತಿಲ್ಲದೆ ಹಿಂತಿರುಗಿಸಿದನು. ಆಕೆ ತಪ್ಪನ್ನು ಅಡಗಿಸಿಡಲಿಲ್ಲ, ಗಂಡನನ್ನು ಹಳಿಯಲೂ ಇಲ್ಲ; ಅಕ್ಕಿಯ ಮಾತನ್ನು ಅಕ್ಕಿಯ ಮಟ್ಟಿಗೇ ಆಡಿದಳು. ಆತನು ಹೆಂಡತಿ ತಿದ್ದಿದಳೆಂದು ಅವಮಾನಗೊಳ್ಳಲಿಲ್ಲ. ಆಡುವವರ ಸಂಯಮ, ಕೇಳುವವರ ವಿನಯ ಇವೆರಡೂ ಕೂಡಿದುದರಿಂದಲೇ ಆ ಬಡಮನೆ ಶರಣರ ಮನೆಯಾಯಿತು.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಮತ್ತೆ ಕೋಡಿ ಹರಿದುದು 2022ರಲ್ಲಿ, 89 ವರ್ಷಗಳ ಮೇಲೆ. ಅಷ್ಟು ಅಪರೂಪವೆಂದು ಬಲ್ಲವರು ಅದಕ್ಕೆ ಕೋಡಿಯನ್ನು ಬಿಡದೆ ಕಟ್ಟಲಿಲ್ಲ. ತೂಬಿಲ್ಲದ ಕಟ್ಟೆಯಿಂದ ಗದ್ದೆಗೆ ನೀರಿಲ್ಲ. ಕೋಡಿಯಿಲ್ಲದ ಕಟ್ಟೆಗೆ ಉಳಿವಿಲ್ಲ. ಮನಸ್ಸಿನ ಕಟ್ಟೆಯೂ ಹಾಗೆಯೇ. ದುಃಖವನ್ನು ತಾಳಿಕೊಳ್ಳುವುದು ಕಟ್ಟೆ. ಹಿತವಾಗಿ ಹೇಳಿಕೊಳ್ಳುವುದು ತೂಬು.

ಆದುದರಿಂದ ಸದ್ಗೃಹಸ್ಥರು ಆಚರಿಸತಕ್ಕ ಕ್ರಮವಿದು. ಸಂಜೆಯ ಲಿಂಗಪೂಜೆಯ ತರುವಾಯ ಮನೆಯವರೆಲ್ಲ ಸ್ವಲ್ಪ ಹೊತ್ತು ಒಟ್ಟಿಗೆ ಕುಳಿತು ಆ ದಿನದ ಲಾಭನಷ್ಟಗಳನ್ನು ಮುಚ್ಚಿಡದೆ ಹೇಳಿಕೊಳ್ಳಲಿ. ಅತ್ತೆಯ ಮೇಲಿನ ದೂರನ್ನು ನೆರೆಮನೆಯಲ್ಲಿ ಹೇಳದೆ ಅತ್ತೆಯ ಮುಂದೆಯೇ ಸೊಸೆ ವಿನಯದಿಂದ ಹೇಳಲಿ. ಅತ್ತೆಯೂ ಸಾವಧಾನದಿಂದ ಕೇಳಲಿ. ಇಂದಿನ ತಪ್ಪಿಗೆ ಹಿಂದಿನ ತಪ್ಪುಗಳನ್ನು ಪೋಣಿಸಬಾರದು. ಕೋಪ ಏರಿದಾಗ ಮಾತನ್ನು ನಾಳೆಗೆ ನಿಲ್ಲಿಸಬಹುದು. ಆದರೆ ನಾಳೆ ಆಡದೆ ಬಿಡಬಾರದು.

ಕೆಲವು ನೋವುಗಳು ಮನೆಯವರ ಮಾತಿಗೂ ಮೀರಿರುತ್ತವೆ. ನಿದ್ರಾಹಾರಗಳು ದಿನಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ, ಅದನ್ನು ಮನೆತನದ ಮರ್ಯಾದೆಯ ಪ್ರಶ್ನೆಯೆಂದು ಬಚ್ಚಿಡಬಾರದು. ಅಂಥವರನ್ನು ಒಂಟಿಯಾಗಿ ಬಿಡದೆ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ. ಜ್ವರಕ್ಕೆ ಔಷಧ ಕೇಳಲು ನಾಚದವರು ಮನಸ್ಸಿನ ಬೇನೆಗೆ ನಾಚಬೇಕಾದುದೇನು?

ಬಾವಿಯಲ್ಲಿ ನೀರು ಬರುವುದು ಮಳೆಯ ಇಚ್ಛೆ. ಬಾವಿ ಬತ್ತಿತೆಂದು ಹೆಂಡತಿಯೊಡನೆ ಹೇಳಿ, ಇಬ್ಬರೂ ಕುಳಿತು ಮುಂದಿನ ದಾರಿಯನ್ನು ಯೋಚಿಸುವುದು ಗೃಹಸ್ಥನ ಕೈಯಲ್ಲಿದೆ. ಅಂದಿನ ಊಟದ ತಟ್ಟೆ ಅಷ್ಟರಿಂದಲೇ ಪ್ರಸಾದವಾಗುವುದು.