ಎದೆಬಡಿತ ತಪ್ಪಿತೇ, ಮುಂಚೆ ಬಂತೇ?

ರಾತ್ರಿ ಪಾಳಿ ಮುಗಿಸಿ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು, "ಮಲಗಿದಾಗ ಎದೆ ಒಮ್ಮೆ ನಿಂತು ಮತ್ತೆ ಧಡಕ್ಕೆಂದು ಹೊಡೆಯುತ್ತದೆ, ಇದೇನ್ರೀ?" ಎಂದು ಕೇಳುವುದುಂಟು. ನಾವು ವೈದ್ಯರಲ್ಲ, ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆಗಳು. ಮೇಲಿನವು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಚಿಕ್ಕ ಗಂಟು ಇದೆ. 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬಿಬ್ಬರು ಅದನ್ನು ಗುರುತಿಸಿದರು. ನಾವು ಸುಮ್ಮನೆ ಕುಳಿತಿರುವಾಗ ಅದು ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಜ್ಞೆ ಕೊಡುತ್ತದೆ. ಮಿಲ್ಲಿನ ಸೈರನ್ನಿನಂತೆ ಎಲ್ಲರೂ ಅದರ ಮಾತು ಕೇಳಬೇಕು. ಆದರೆ ಕೆಲವೊಮ್ಮೆ ಹೃತ್ಕರ್ಣದ ಬೇರೊಂದು ಮೂಲೆಯೇ ಹೊತ್ತಿಗೆ ಮುಂಚೆ ಸಂಜ್ಞೆ ಕೊಟ್ಟುಬಿಡುತ್ತದೆ. ಆಗ ಹೃತ್ಕುಕ್ಷಿಯಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ. ಆ ಬಡಿತ ಕ್ಷೀಣವಾಗಿ ಮಣಿಕಟ್ಟಿಗೆ ತಿಳಿಯದೆಯೇ ಹೋಗಬಹುದು. ಬಳಿಕ ಗಂಟು ತನ್ನ ಲೆಕ್ಕವನ್ನು ಹೊಸದಾಗಿ ಹಿಡಿಯುತ್ತದೆ. ಆ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿ ಮುಂದಿನ ಬಡಿತ ಜೋರಾಗುತ್ತದೆ. ನಿಂತಿತು ಎನಿಸಿದ್ದು ನಿಜವಾಗಿ ಮುಂಚೆ ಬಂದದ್ದು.

ಆರೋಗ್ಯವಂತರಲ್ಲಿಯೂ ಇದು ಸಾಮಾನ್ಯ. ವಯಸ್ಸಾದಂತೆ ಹೆಚ್ಚುತ್ತದೆ. ನಿದ್ದೆಗೇಡು, ಚಿಂತೆ, ಮದ್ಯ, ತಂಬಾಕು ಇದನ್ನು ಕೆರಳಿಸಬಹುದು. ನಮ್ಮ ಹೈದರಾಬಾದಿನಲ್ಲಿ ಇರಾನಿ ಚಹಾದ ಮೇಲೆ ದೋಷ ಹೊರಿಸುವುದು ವಾಡಿಕೆ. ಕಾಫಿಯ ವಿಷಯದಲ್ಲಿ ಅಮೆರಿಕದವರು 100 ಮಂದಿಯನ್ನು 14 ದಿನ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಫಿ ಕುಡಿದ ದಿನಗಳಲ್ಲಿ ಮೇಲ್ಕೋಣೆಯ ಈ ಬಡಿತಗಳು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಕೆಳಕೋಣೆಯವು ಹೆಚ್ಚಿದವು, ನಿದ್ದೆಯೂ ಅರ್ಧ ಗಂಟೆಗೆ ಮೀರಿ ಕಡಿಮೆಯಾಯಿತು. ಚಹಾ ಬಿಟ್ಟು ಬೀಡಿ ಬಿಡದವರನ್ನು ನಾವು ಬಲ್ಲೆವು!

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ನೋಡಿರಿ. ಎಲ್ಲೋ ಒಂದು ತಪ್ಪಿ ಮತ್ತೆ ಸರಿಹೋದರೆ ಗಾಬರಿ ಬೇಡ. ಲಯವೇ ಇಲ್ಲದೆ ಅಡ್ಡಾದಿಡ್ಡಿ ಓಡುತ್ತಲೇ ಇದ್ದರೆ ಆ ಮಾತು ಬೇರೆ. ಅದು ಹೃತ್ಕರ್ಣದ ಕಂಪನವಾಗಿರಬಹುದು. ಅದರಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಭಯವುಂಟು. ಮುಂಚಿನ ಬಡಿತಗಳು ತೀರ ಹೆಚ್ಚಿರುವವರಿಗೆ ಮುಂದೆ ಈ ರೋಗ ಬರುವ ಸಂಭವ ಹೆಚ್ಚೆಂದೂ ಕಂಡುಬಂದಿದೆ. ಎದೆನೋವು, ಏದುಸಿರು, ಎಚ್ಚರ ತಪ್ಪುವುದು ಜೊತೆಗೂಡಿದರೆ ತಡಮಾಡದೆ 108ಕ್ಕೆ ಫೋನು ಮಾಡಬೇಕು.

ಉಳಿದವರು ಬಿಡುವಿನ ದಿನ ಉಸ್ಮಾನಿಯಾ ಆಸ್ಪತ್ರೆಗೋ ಪಂಜಗುಟ್ಟದ ನಿಮ್ಸ್‌ಗೋ ಹೋಗಿ ತೋರಿಸಬಹುದು. ಇ.ಸಿ.ಜಿ. ಕೆಲವೇ ಸೆಕೆಂಡುಗಳ ಚಿತ್ರ. ಅಷ್ಟರಲ್ಲಿ ಬಡಿತ ಸಿಕ್ಕದೇ ಹೋದರೆ ಹೋಲ್ಟರ್ ಎಂಬ ಯಂತ್ರವನ್ನು 24 ಗಂಟೆ ಮೈಮೇಲೆ ಕಟ್ಟುತ್ತಾರೆ. ಹೋಗುವ ಮೊದಲು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಹೀಗಾಯಿತೆಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಕಾಗದ, ಪೆನ್ಸಿಲು ವಾಚನಾಲಯದ ಮೇಜಿನ ಮೇಲೆಯೇ ಇವೆ.