ಗೋಡೆಗೂ ನೀರಿನ ಪಾಳಿ ಗೊತ್ತಿತ್ತು

ಹುಬ್ಬಳ್ಳಿಯ ನಮ್ಮ ಅಡುಗೆಮನೆಯ ಕ್ಯಾಲೆಂಡರಿಗೆ ಎರಡು ಕೆಲಸ. ಏಕಾದಶಿ, ಸಂಕಷ್ಟಿ ನೋಡುವುದು ಒಂದು. ನಳ ಬಂದ ದಿನಕ್ಕೆ ಸುತ್ತು ಹಾಕುವುದು ಇನ್ನೊಂದು. ಸವದತ್ತಿಯ ರೇಣುಕಾಸಾಗರದಿಂದ ಹೊರಟ ಮಲಪ್ರಭೆ ನಮ್ಮ ಓಣಿಗೆ ಕಾಲಿಡುವುದು ಆರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ. ಅದೂ ಮೂರ್ನಾಲ್ಕು ತಾಸು, ಬಹಳ ಸಲ ನಡುರಾತ್ರಿ. 2008ರ ಸುಮಾರಿಗೆ ಊರಿನ ಕೆಲವು ಭಾಗಗಳಿಗೆ ದಿನದ 24 ತಾಸೂ ನೀರು ಬಂದಾಗ ನಾವೂ ಆಸೆಯಿಂದ ಕಾದೆವು. ಪಾಳಿ ಬರಲಿಲ್ಲ, ಸುತ್ತು ಹಾಕುವುದು ನಿಲ್ಲಲಿಲ್ಲ.

ಮೊದಲು ಹಟ ಹಿಡಿದದ್ದು ಮುಂದಿನ ರೂಮಿನ ಬಾಗಿಲು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಬಾಗಿಲು ಬಿಗಿಯಾಗುವುದು ನಮಗೇನೂ ಹೊಸದಲ್ಲ. ಇದು ಬಿಗಿಯಾದದ್ದು 2022ರ ಯುಗಾದಿಯ ಹೊತ್ತಿಗೆ, ರಣರಣ ಬಿಸಿಲಿನಲ್ಲಿ. ಬಡಿಗೇರನನ್ನು ಕರೆಸಿ ಕೀಸಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಿಗಿ. ಋತು ತಪ್ಪಿ ಬಾಗಿಲು ಬಿಗಿಯಾಗಿದೆ ಎಂಬುದು ಆಗಲೇ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಮೇಲೆ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಒಂದು ಬಿರುಕು. ಅದರ ಕೆಳಗೆ, ಫರಸಿಯಿಂದ ಒಂದು ಗೇಣು ಮೇಲೆ, ಗಿಲಾವಿನಲ್ಲಿ ತೇವದ ಕಲೆ. ಒಣಗಿದ ಅಂಚಿಗೆ ಬಿಳೀ ಉಪ್ಪು, ಬೆರಳಿಗೆ ರಂಗೋಲಿ ಪುಡಿಯಂತೆ ಹತ್ತುತ್ತಿತ್ತು. ಬಣ್ಣದವನು ಬಂದು ಕೆರೆದು, ತೇವ ತಡೆಯುವ ಬಣ್ಣ ಎಂದು ಎರಡು ಕೋಟು ಬಳಿದು ಏಳು ಸಾವಿರ ತೆಗೆದುಕೊಂಡು ಹೋದ. ಎರಡು ತಿಂಗಳಲ್ಲಿ ಆ ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿತು. ತೇವ ಮಾತ್ರ ಬಳಿದ ಜಾಗವನ್ನು ದಾಟಿ ಇನ್ನೊಂದು ಗೇಣು ಮೇಲೇರಿತು. ಗೋಡೆ ಉಸಿರಾಡುವ ದಾರಿಯನ್ನು ನಾವೇ ದುಡ್ಡು ಕೊಟ್ಟು ಮುಚ್ಚಿಸಿದ್ದೆವು. ಅದು ಗೊತ್ತಿಲ್ಲದೆ ಮತ್ತೊಮ್ಮೆಯೂ ಬಳಿಸಿದೆ. ಈ ಭಾಗ ಬರೆಯುವಾಗ ಈಗಲೂ ನಾಚಿಕೆ.

ನಮ್ಮ ಬಡಾವಣೆ ಇರುವುದು ನವಲಗುಂದದ ದಿಕ್ಕಿಗೆ, ಅಪ್ಪಟ ಎರೆ ಭೂಮಿ. ಬೇಸಿಗೆಯಲ್ಲಿ ಹೊಲ ಬಾಯಿಬಿಟ್ಟರೆ ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಮಳೆ ಬಿದ್ದರೆ ಅದೇ ನೆಲ ನಾದಿದ ಹಿಟ್ಟಿನಂತೆ ಉಬ್ಬಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಮನೆಯ ಅಡಿಪಾಯದ ಸುತ್ತ ಎಲ್ಲ ಕಡೆಗೂ ಸಮನಾಗಿ ಉಬ್ಬಿ ಕುಗ್ಗಿದರೆ ಮನೆ ಹೇಗೋ ತಾಳಿಕೊಂಡೀತು. ಒಂದೇ ಮೂಲೆ ನೆನೆದರೆ ಆ ಮೂಲೆಯಷ್ಟೇ ಏಳುತ್ತದೆ, ಉಳಿದದ್ದು ಕೂತಲ್ಲೇ ಕೂತಿರುತ್ತದೆ. ನಡುವೆ ಸಿಕ್ಕ ಗೋಡೆ ಸೀಳುತ್ತದೆ, ಚೌಕಟ್ಟು ವಾರೆಯಾಗುತ್ತದೆ. ನನ್ನ ತಂಗಿಯ ಧಾರವಾಡದ ಮನೆ ಗರಸಿನ ಮೇಲಿದೆ. ಅಲ್ಲಿ ಇದೇ ನೀರು ಸೋರಿದ್ದರೆ ಸದ್ದಿಲ್ಲದೆ ಕೆಳಗಿಳಿದು ಹೋಗುತ್ತಿತ್ತೇನೋ. ನಮ್ಮ ಮಣ್ಣು ಹಾಗೆ ಗುಟ್ಟು ಇಟ್ಟುಕೊಳ್ಳುವುದಲ್ಲ.

ಗುಟ್ಟು ಬಯಲಾದದ್ದು ಕ್ಯಾಲೆಂಡರಿನಿಂದ. ಒಂದು ಬೆಳಿಗ್ಗೆ ಸುತ್ತು ಹಾಕುವಾಗ, ಹೋದ ಸಲ ನಳ ಬಂದ ಮಾರನೇ ದಿನವೇ ಕಲೆ ಕಪ್ಪಗಾಗಿತ್ತಲ್ಲ ಅನ್ನಿಸಿತು. ಅಂದಿನಿಂದ ಕಲೆ ಕಪ್ಪಾದ ದಿನಕ್ಕೆ ಒಂದು ಚುಕ್ಕೆ ಇಡತೊಡಗಿದೆ. ಐದು ಪಾಳಿ ಕಳೆಯುವಷ್ಟರಲ್ಲಿ ಲೆಕ್ಕ ಕಣ್ಣಿಗೆ ಹೊಡೆಯಿತು: ಪ್ರತಿ ಸುತ್ತಿನ ಮಗ್ಗುಲಿಗೆ ಚುಕ್ಕೆ. ಐದನೇ ದಿನಕ್ಕೆ ಕಲೆ ಬಿಳುಚುತ್ತದೆ, ನಳ ಬಂದರೆ ಮತ್ತೆ ಕಪ್ಪು. ಮೂರು ತಿಂಗಳು ಗೋಡೆ ನೋಡುತ್ತಾ ನಿಂತಿದ್ದೆ, ನೋಡಬೇಕಾದದ್ದು ತಾರೀಖು.

ಓಣಿಯ ಹಳೇ ಪ್ಲಂಬರ್ ಕಾಕಾನನ್ನು ಕರೆಸಿದೆವು. ನಮ್ಮ ಮನೆಯವರು ಅಷ್ಟರಲ್ಲೇ ಫರಸಿ ಕೀಳಲು ಗವಂಡಿಗೂ ಹೇಳಿಕಳಿಸಿದ್ದರು. ಕಾಕಾ ಕ್ಯಾಲೆಂಡರ್ ನೋಡಿ ನಕ್ಕು, "ಅಕ್ಕಾರ, ಈಗ ಹಾರಿ ಹಿಡೀಬ್ಯಾಡ್ರಿ. ಇನ್ನೊಂದೆರಡ ಪಾಳಿ ಪೆನ್ಸಿಲ್ಲ ಹಿಡೀರಿ" ಎಂದ.

ಅವನು ಹೇಳಿದ ಪರೀಕ್ಷೆಗೆ ದುಡ್ಡಿಲ್ಲ, ಯಂತ್ರವಿಲ್ಲ. ನಳ ಬಾರದ ಒಂದು ರಾತ್ರಿ ಮೋಟಾರು, ತೋಟಿ ಎಲ್ಲ ಬಂದ್ ಮಾಡಿ ಸಂಪಿನ ನೀರಿನ ಮಟ್ಟಕ್ಕೆ ಗೆರೆ ಎಳೆದೆ. ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು. ಮಾಳಿಗೆಯ ಟಾಕಿಯದೂ ಹಾಗೇ. ಅಂದರೆ ಸಂಪು ಸೋರುತ್ತಿಲ್ಲ, ಮನೆಯೊಳಗಿನ ಪೈಪೂ ಸೋರುತ್ತಿಲ್ಲ. ಉಳಿದದ್ದು ಗೇಟಿನ ಮೀಟರಿನಿಂದ ಹಿತ್ತಲಿನ ಸಂಪಿಗೆ ಹೋಗುವ ನಳದ ಪೈಪು. ನಳ ಬಂದ ದಿನ ಮೀಟರ್ ಎಷ್ಟು ಓಡಿತು, ಸಂಪು ಎಷ್ಟು ಏರಿತು, ಎರಡನ್ನೂ ತಾಳೆ ಹಾಕಿದೆ. ಎಂಟು ಅಡಿಗೆ ಐದು ಅಡಿಯ ಸಂಪು ನಮ್ಮದು. ಒಂದು ಇಂಚು ಏರಿದರೆ ಸುಮಾರು 94 ಲೀಟರ್. ಮೀಟರ್ 3,100 ಲೀಟರ್ ಎಂದಿತು. ಸಂಪು ಏರಿದ್ದು 24 ಇಂಚು, ಅಂದರೆ 2,250. ನಾನು ಗೆದ್ದವಳಂತೆ ಫೋನು ಮಾಡಿದರೆ ಕಾಕಾ ಒಪ್ಪಲಿಲ್ಲ. "ಖಾಲಿ ಪೈಪಿನ್ಯಾಗ ಮೊದ್ಲ ಗಾಳಿ ಬರತೈತ್ರಿ. ಗಾಳಿಗೂ ಮೀಟರ್ ತಿರಗತೈತಿ. ನೀರ ಬಂದ ಅರ್ಧಾ ತಾಸ ಬಿಟ್ಟ ಚಾಲೂ ಮಾಡ್ರಿ." ಮುಂದಿನ ಪಾಳಿಯಲ್ಲಿ ಹಾಗೇ ಮಾಡಿದೆ. ಮೀಟರ್ 2,000, ಸಂಪು 15 ಇಂಚು, ಅಂದರೆ 1,400ರ ಮೇಲೆ ಚಿಲ್ಲರೆ. ಹೆಚ್ಚುಕಡಿಮೆ 600 ಲೀಟರ್ ನಮ್ಮ ಕಾಲ ಕೆಳಗೇ ಹೋಗುತ್ತಿತ್ತು.

ಅದರ ಮುಂದಿನ ಸಲ ರಾತ್ರಿ ಎರಡಕ್ಕೆ ನೀರು. ಕಾಕಾ ನಿದ್ದೆಗಣ್ಣಲ್ಲೇ ಹಾರಿ ಹಿಡಿದು ಬಂದ, ಅಗೆಯಲಿಕ್ಕಲ್ಲ, ಕೇಳಲಿಕ್ಕೆ. ಫ್ಯಾನು, ಫ್ರಿಜ್ಜು ಬಂದ್ ಮಾಡಿಸಿದ. ಹಾರಿಯ ಚೂಪು ತುದಿ ಫರಸಿಗೆ ಊರಿ, ಮೇಲಿನ ತುದಿಗೆ ಕಿವಿ ಹಚ್ಚಿ ಗೇಣು ಗೇಣಿಗೆ ಸರಿಯುತ್ತಾ ಹೋದ. ಕಿಟಕಿಯಿಂದ ಎರಡು ಅಡಿ ಒಳಗೆ ನಿಂತು ನನ್ನನ್ನೂ ಕರೆದ. ಕಬ್ಬಿಣ ಕಿವಿಗೆ ತಣ್ಣಗೆ ತಾಕಿತು. ಒಳಗಿನಿಂದ, ಹಿಂದಿನ ಕಾಲದ ಪಂಪ್ ಸ್ಟೋವು ದೂರದಲ್ಲೆಲ್ಲೋ ಉರಿಯುತ್ತಿದ್ದಂತೆ ಒಂದೇ ಸಮನೆ ಬುಸ್ಸೆನ್ನುವ ಸದ್ದು.

ಮರುದಿನ ಅಗೆದದ್ದು ಎರಡು ಅಡಿ ಅಗಲದ ಒಂದೇ ಗುಂಡಿ. ಮೇಲೆ ಗಟ್ಟಿ, ಕೆಳಗೆ ಸಲಿಕೆಗೆ ಬೆಣ್ಣೆಯಂತೆ ಮೆತ್ತುವ ಕರೀ ಮಣ್ಣು. ಮೂರೂವರೆ ಅಡಿಯಲ್ಲಿ ಜಿಐ ಪೈಪಿನ ಎಲ್ಬೋ, ಅದರ ಹೊಟ್ಟೆಯ ಕೆಳಗೆ ತುಕ್ಕು ತಿಂದು ಜೋಳದ ಕಾಳಿನಷ್ಟು ತೂತು. 1996ರಲ್ಲಿ ಮನೆ ಕಟ್ಟಿದಾಗ ಆ ಪೈಪು ಬಯಲು ಅಂಗಳದಲ್ಲಿತ್ತು. 2009ರಲ್ಲಿ ಅಂಗಳದ ಮೇಲೆ ಈ ರೂಮು ಎಬ್ಬಿಸಿದೆವು, ಪೈಪನ್ನು ಮರೆತೆವು.

ಇನ್ನೊಂದು ಸಂಗತಿ ಆಗಲೇ ತಿಳಿಯಿತು. ಪ್ರತಿ ಪಾಳಿಯಲ್ಲಿ ನಮಗೆ ಮೊದಲು ಬರುತ್ತಿದ್ದ ಕದಡಿದ ನೀರಿಗೆ ನಾನು ಊರಿನ ವ್ಯವಸ್ಥೆಯನ್ನೆಲ್ಲ ಬೈದದ್ದುಂಟು. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಹೊರಗೆ ನಿಂತ ಕೆಸರು ಅದೇ ತೂತಿನಿಂದ ಒಳಗಿಳಿಯುತ್ತದೆ. ನೀರು ಹೊರಹೋಗುವ ಕಿಂಡಿಯೇ ಹೊಲಸು ಒಳಬರುವ ಕಿಂಡಿ. ದುರಸ್ತಿಯಾದ ದಿನವೇ ಸಂಪು ಖಾಲಿ ಮಾಡಿ, ತಿಕ್ಕಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದೆ.

ಗವಂಡಿ ಎಲ್ಬೋ ಬದಲಿಸಿ ಮುಚ್ಚಿಬಿಡೋಣ ಅಂದ. ಕಾಕಾ ಸುತರಾಂ ಒಪ್ಪಲಿಲ್ಲ: ಒಂದು ಕಡೆ ತೂತು ಬಿದ್ದ ಹಳೇ ಪೈಪು ಇನ್ನೊಂದು ಕಡೆ ಬೀಳಲು ಎಷ್ಟು ಹೊತ್ತು? ಹಳೆಯದರ ಎರಡೂ ಬಾಯಿ ಮುಚ್ಚಿ, ಕಂಪೌಂಡಿನ ಗೋಡೆಗುಂಟ ಹೊಸ ಕಪ್ಪು ಪೈಪು ಎಳೆದ, ಪೂರ್ತಿ ಕಣ್ಣಿಗೆ ಕಾಣುವಂತೆ. ಎಲ್ಲ ಸೇರಿ ಹನ್ನೊಂದು ಸಾವಿರ. ಬಣ್ಣಕ್ಕೆ ಸುರಿದದ್ದು ಇದಕ್ಕಿಂತ ಹೆಚ್ಚು.

ಬಿರುಕನ್ನು ಮಾತ್ರ ಹಾಗೇ ಬಿಟ್ಟೆವು. ಇಂಜಿನಿಯರ್ ಆದ ನಮ್ಮ ಅಳಿಯ ಅದರ ಮೇಲೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು ಹೋದ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಮೂರು ತಿಂಗಳಿಗೆ ಒಡೆಯಿತು. ನನಗೆ ಎದೆ ಧಸಕ್ಕೆಂದಿತು. ಉಬ್ಬಿದ ಮಣ್ಣು ಒಣಗಿ ಕೆಳಗಿಳಿಯುತ್ತಿದೆ, ಆಗುವಂಥದ್ದೇ, ಎಂದು ಅಳಿಯ ಎರಡನೇ ಪಟ್ಟಿ ಅಂಟಿಸಿದ. ಅದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಹಾಗೇ ಇತ್ತು. ಅಷ್ಟರಲ್ಲಿ ಬಾಗಿಲೂ ತಾನಾಗಿ ಸಡಿಲಾಯಿತು. ಈಗ ಮೇಲೆ ಒಂದು ಬೆರಳು ಸಂದಿ, ಬಡಿಗೇರನಿಂದ ಕೀಸಿಸಿದ್ದರ ಗುರುತು.

ಹೊರಗಿನ ಕಪ್ಪು ಪೈಪು ಮನೆಯ ಅಂದ ಕೆಡಿಸಿತು ಎಂದು ನಮ್ಮ ಮನೆಯವರು ಈಗಲೂ ಗೊಣಗುತ್ತಾರೆ. ನಾನು ಅದರ ಮೇಲೆ ನೆಲ ಒರಸುವ ಬಟ್ಟೆ ಒಣಹಾಕುತ್ತೇನೆ. ಬಟ್ಟೆ ಹಾಕುವಾಗ ಪೈಪಿನುದ್ದಕ್ಕೂ ಒಮ್ಮೆ ಕೈಯಾಡಿಸುತ್ತೇನೆ, ಜೋಡಣೆಗಳ ಕೆಳಗೂ.